ಎರಡನೇ ಕ್ಯಾಚರ್‌ನ ಪಂಚಾಂಗ

ನಮ್ಮ ಕನ್ನಡ ಸಂಘದ ಸಂಚಿಕೆಗೆ ಬರೆದುಕೊಡಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ನನ್ನಿಂದ ಆಗದು ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನಾನಾಗಿಯೇ ಬರೆಯುತ್ತಿದ್ದೇನೆ. ಸ್ವೀಡನ್ನಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಇಬ್ಬರು ಮೂವರು ಬೇಸ್‌ಬಾಲ್ ಕೋಚ್ ಆಗಲು ಹೊರಟಿದ್ದಾರೆ. ಅವರ ಅಪ್ಪ ಅಮ್ಮಂದಿರು ನನ್ನನ್ನು ನಿಲ್ಲಿಸಿ, ‘ಅದೂ ಒಂದು ಕೆಲಸವಾ ಅಣ್ಣ?’ ಎಂದು ಕೇಳುತ್ತಾರೆ. ಕೆಲಸವೇ. ಇಪ್ಪತ್ತು ವರ್ಷ ಮಾಡಿ, ಮಂಡಿ ಕೈಕೊಟ್ಟ ಮೇಲೆ ಕಳೆದ ವಸಂತದಲ್ಲಿ ಬಿಟ್ಟೆ. ಅದಕ್ಕೂ ಮೊದಲು ಆರು ವರ್ಷ ಎರಡನೇ ಕ್ಯಾಚರ್ ಆಗಿದ್ದೆ. ಮೊದಲನೇ ಕ್ಯಾಚರ್ ನನ್ನ ತಮ್ಮ ಶಿವು. ಅವನ ಆಟ ನಿಂತದ್ದು ನನ್ನಿಂದ, ನನಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಧೈರ್ಯ ಬರುತ್ತದೆ.

ನಾವು ಅರಸೀಕೆರೆಯವರು. ಬಸ್ ಸ್ಟ್ಯಾಂಡ್ ಎದುರು ಅಪ್ಪನಿಗೆ ಪಂಚರ್ ಅಂಗಡಿ ಇತ್ತು. ನಾನು ಅಂಗಡಿಗೆ ಸೇರಿದೆ, ಶಿವು ಓದಿದ. ಅವನಿಗೆ ಸ್ವೀಡನ್ನಿನ ವೆಸ್ಟೆರಾಸ್‌ನ ಒಂದು ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಅಪ್ಪ ಹೋದ ಮೇಲೆ ಅವನು ನನ್ನನ್ನೂ ಕರೆಸಿಕೊಂಡ, ಪಕ್ಕದ ಸಣ್ಣ ಊರಿನ ಮಧ್ಯಾಹ್ನದ ಊಟದ ಹೋಟೆಲಿಗೆ ಅಡುಗೆಯವನಾಗಿ. ಶಿವು, ಅವನ ಹೆಂಡತಿ ರೇಖಾ, ನಾನು ಒಂದೇ ಮನೆಯಲ್ಲಿದ್ದೆವು. ಊರಲ್ಲಿ ಇಬ್ಬರೂ ವಿಕೆಟ್ ಕೀಪರ್‌ಗಳು. ಇಲ್ಲಿ ಕ್ರಿಕೆಟ್ ಇರಲಿಲ್ಲ, ಬೇಸ್‌ಬಾಲ್ ಇತ್ತು. ಅದನ್ನು ಆಡಲು ಜನ ಇರಲಿಲ್ಲ.

ಕ್ರಿಕೆಟ್ ಗೊತ್ತಿದ್ದವರಿಗೆ ಇಷ್ಟು ಸಾಕು: ಹೊಡೆದವನು ಮೂರು ಬೇಸ್ ಸುತ್ತಿ, ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ ಮರಳಿದರೆ ಒಂದು ರನ್; ಪಿಚರ್ ಎಂದರೆ ಬೌಲರ್, ಕ್ಯಾಚರ್ ಎಂದರೆ ಕೀಪರ್. ಆದರೆ ಈ ಕೀಪರ್ ಪಂದ್ಯ ಮುಗಿಯುವವರೆಗೂ ಕುಕ್ಕರಗಾಲಲ್ಲೇ ಕೂತಿರಬೇಕು. ನಾವು ಸೇರಿದ ಕ್ಲಬ್ಬಿನ ಕೋಚ್ ಬೆಂಗ್ಟ್, ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮುಖಂಡ. ಮೊದಲ ದಿನ ‘ಕೂತು ತೋರಿಸಿ’ ಎಂದರು. ನಾವು ಹಿಮ್ಮಡಿ ನೆಲಕ್ಕೆ ಊರಿ ಕೂತೆವು. ಸ್ವೀಡನ್ನಿನವರಿಗೆ ಅದು ಬರುವುದಿಲ್ಲ, ಹಿಂದಕ್ಕೆ ಉರುಳಿಬಿಡುತ್ತಾರೆ. ಹತ್ತು ನಿಮಿಷವಾದರೂ ನಾವು ಏಳದ್ದನ್ನು ಕಂಡು ಬೆಂಗ್ಟ್ ತಂಡವನ್ನೆಲ್ಲ ಕರೆದರು.

‘ಇದನ್ನು ಎಲ್ಲಿ ಕಲಿತಿರಿ?’

ಶಿವು ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಹೇಳಣ್ಣ, ಎಲ್ಲಿ ಕಲಿತ್ವಿ ಅಂತ’ ಎಂದ.

‘ಮನೆಯಲ್ಲೇ. ದಿನಾ ಬೆಳಿಗ್ಗೆ’ ಎಂದೆ.

‘ದಿನಾ?’

‘ಒಂದು ದಿನವೂ ತಪ್ಪಿಸಿಲ್ಲ.’

ಬೆಂಗ್ಟ್ ತಂಡದ ಕಡೆ ತಿರುಗಿ, ಶಿಸ್ತು ಎಂದರೆ ಇದು ಎಂದು ಅರ್ಧ ಗಂಟೆ ಮಾತಾಡಿದರು. ಶಿವು ನಗು ತಡೆಯಲಾರದೆ ಶೂ ಲೇಸು ಕಟ್ಟುತ್ತಲೇ ಇದ್ದ.

ಅವನು ಮೊದಲನೆಯವನಾದದ್ದು ತೋಳಿನ ಬಲದಿಂದ. ಅವನು ಎಸೆದ ಚೆಂಡು ನೆಟ್ಟಗೆ ಎರಡನೇ ಬೇಸಿಗೆ ಹೋಗುತ್ತಿತ್ತು. ನಾನು ಎಸೆದದ್ದು ದಾರಿಯಲ್ಲಿ ಎರಡು ಕಡೆ ಇಳಿದು ಹೋಗುತ್ತಿತ್ತು. ಮನೆಯಲ್ಲಿ ನಾನು ಕೂರದೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಮೈದಾನದಲ್ಲಿ ಅವನು, ‘ಅಣ್ಣ, ಪಿಚರ್‌ಗೆ ಸ್ವಲ್ಪ ಕೈ ಬಿಸಿ ಮಾಡಿಸು’ ಎಂದರೆ ನಾನು ಎದ್ದು ಹೋಗಬೇಕಿತ್ತು. ಆರು ವರ್ಷ ಎದ್ದು ಹೋಗಿದ್ದೇನೆ.

ಎರಡನೇ ಕ್ಯಾಚರ್ ಆಗುವ ಮಕ್ಕಳು ತಿಳಿದಿರಬೇಕು, ಇದರಲ್ಲಿ ಆಟ ಬಹಳ ಕಡಿಮೆ. ಶಿವುವಿನ ಚರ್ಮದ ಗ್ಲೌಸಿಗೆ ಎಣ್ಣೆ ಹಚ್ಚಿ ಮೆದು ಮಾಡುವುದು ನನ್ನ ಕೆಲಸ. ಕಾಫಿ ಫ್ಲಾಸ್ಕ್ ಹೊರುವುದು ನನ್ನ ಕೆಲಸ. ಕ್ಲಬ್ಬಿನ ಖರ್ಚಿಗೆಂದು ಗೇಟಿನ ಹತ್ತಿರ ಸಾಸೇಜ್ ಸುಟ್ಟು ಮಾರುತ್ತಾರಲ್ಲ, ಅದೂ ನನ್ನದೇ. ನಾವು ಮಾಂಸ ಮುಟ್ಟದ ಮನೆಯವರು. ಸಾವಿರಾರು ಜನಕ್ಕೆ ಸುಟ್ಟುಕೊಟ್ಟ ಆ ವಸ್ತುವಿನ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ. ಬಣ್ಣ ನೋಡಿ ಹದ ಹೇಳುತ್ತಿದ್ದೆ. ಅಕ್ಕಪಕ್ಕದ ಊರಿನವರು ಬೇಸ್‌ಬಾಲ್ ಬಿಟ್ಟು ಸಾಸೇಜಿಗೇ ಬರುತ್ತಾರೆ ಎಂದು ಬೆಂಗ್ಟ್ ವಾರ್ಷಿಕ ಸಭೆಯಲ್ಲಿ ಹೊಗಳಿದರು. ಮೊದಲ ದಿನದ ಶಿಸ್ತು ಬಿಟ್ಟರೆ ಆರು ವರ್ಷದಲ್ಲಿ ನನಗೆ ಬಂದ ಹೊಗಳಿಕೆ ಅದೊಂದೇ.

ಆಡಿದ ನಾಲ್ಕೈದು ಪಂದ್ಯಗಳಲ್ಲಿ ಮರೆಯಲಾಗದ್ದು ಮೊದಲನೆಯದು. ಶಿವುವಿನ ಹೆಬ್ಬೆರಳಿಗೆ ಪೆಟ್ಟಾಗಿ, ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಏಪ್ರನ್ ಬಿಚ್ಚಲೂ ಪುರುಸೊತ್ತಿಲ್ಲದೆ ಅದರ ಮೇಲೆಯೇ ಎದೆಯ ಪ್ಯಾಡು ಕಟ್ಟಿದೆ. ಮೂರೂ ಬೇಸಿನಲ್ಲಿ ಎದುರಾಳಿಗಳು ನಿಂತಿದ್ದರು. ಬ್ಯಾಟಿಗೆ ತಾಗಿದ ಚೆಂಡು ಆಕಾಶಕ್ಕೆ ಹೋಯಿತು. ನಾನು ಓಡಿ, ಬೇಲಿಗೆ ಒರಗಿ ಹಿಡಿದೆ. ಅದ್ಭುತವಾದ ಕ್ಯಾಚು. ಊರಿನ ಅಭ್ಯಾಸ, ಸಂತೋಷಕ್ಕೆ ಚೆಂಡನ್ನು ಮೇಲಕ್ಕೆ ಎಸೆದು ಪಿಚರ್‌ನನ್ನು ತಬ್ಬಿಕೊಳ್ಳಲು ಓಡಿದೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಅಲ್ಲಿಗೆ ಮುಗಿಯಿತು. ಬೇಸ್‌ಬಾಲಿನಲ್ಲಿ ಮುಗಿಯುವುದಿಲ್ಲ, ನಿಂತವರು ಓಡಬಹುದು. ನಾನು ಪಿಚರ್‌ನನ್ನು ತಬ್ಬಿಕೊಂಡು ಕುಣಿಯುತ್ತಿದ್ದಾಗ ಮೂವರೂ ಒಬ್ಬರ ಹಿಂದೊಬ್ಬರು ನನ್ನ ಪಕ್ಕದಲ್ಲೇ ಮನೆ ಸೇರಿದರು. ಮೂರನೆಯವನು ಪಾಪ, ಅಭಿನಂದನೆ ಎಂದು ನನ್ನ ಬೆನ್ನು ತಟ್ಟಿ ಹೋದ.

ಬೆಂಗ್ಟ್ ಬೈಯಲಿಲ್ಲ. ‘ಇದು ಆಸಕ್ತಿದಾಯಕವಾಗಿತ್ತು’ ಎಂದರು. ಸ್ವೀಡನ್ನಿನ ಮೇಲಧಿಕಾರಿ ಈ ಮಾತು ಹೇಳಿದರೆ ಬೈಗುಳದಲ್ಲಿ ಇನ್ನೇನೂ ಬಾಕಿ ಇಲ್ಲವೆಂದು ಹೊಸಬರು ತಿಳಿಯಬೇಕು.

ಆಗಿನ ಪದ್ಧತಿಗಳೂ ಬೇರೆ. ಈಗ ಪಿಚರ್‌ಗೆ ಯಾವ ಎಸೆತ ಬೇಕೆಂದು ಗುಂಡಿ ಒತ್ತಿ ತಿಳಿಸುವ ಯಂತ್ರಗಳಿವೆ. ನಾವು ತೊಡೆಗಳ ನಡುವೆ ಬೆರಳು ತೋರಿಸುತ್ತಿದ್ದೆವು. ನಮ್ಮ ಪಿಚರ್‌ಗೆ ದೂರದ ದೃಷ್ಟಿ ಮಂದ, ಕನ್ನಡಕ ಹಾಕಲು ನಾಚಿಕೆ. ಹಾಗಾಗಿ ರೇಖಾ ತನ್ನ ಕೆಂಪು ನೈಲ್ ಪಾಲಿಶ್ ತಂದು ಅಣ್ಣ ತಮ್ಮ ಇಬ್ಬರಿಗೂ ಹಚ್ಚಿದಳು. ಸೋಮವಾರ ಹಾಗೇ ಹೋಟೆಲಿಗೆ ಹೋಗಿ ಅನ್ನ ಬಡಿಸಿದೆ. ಮಾಲಕಿ ನನ್ನ ಉಗುರು ನೋಡಿದರು, ಏನೂ ಕೇಳಲಿಲ್ಲ. ಮಂಗಳವಾರ ಕೌಂಟರಿನ ಮೇಲೆ ‘ಇಲ್ಲಿ ಎಲ್ಲರಿಗೂ ಸ್ವಾಗತ’ ಎಂಬ ಕಾಮನಬಿಲ್ಲಿನ ಬಣ್ಣದ ಬಾವುಟ ಇಟ್ಟಿದ್ದರು. ಬಾವುಟ ನನಗಾಗಿ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರಿಗೆ ಬೇಜಾರು ಮಾಡಲು ಮನಸ್ಸಾಗದೆ ಹಾಗೇ ಬಿಟ್ಟೆ.

ಇನ್ನು ನನ್ನಿಂದ ಶಿವುವಿನ ಆಟ ನಿಂತ ಆ ನವಮಿಯ ವಿಷಯಕ್ಕೆ ಬರುತ್ತೇನೆ.

ಆರನೇ ವರ್ಷ, ಸೀಸನ್ನಿನ ಕೊನೆಯ ಪಂದ್ಯ. ಬೇರೆ ಊರಿನ ದೊಡ್ಡ ಕ್ಲಬ್ಬಿನಿಂದ ಮಾರ್ಗರೇಟಾ ಎಂಬುವರು ಶಿವುವಿನ ಆಟ ನೋಡಲೆಂದೇ ಬರುವವರಿದ್ದರು. ಅವರಿಗೆ ಕ್ಯಾಚರ್ ಬೇಕಿತ್ತು. ಶಿವುವಿಗೆ ಆಗ ಮೂವತ್ತೊಂದು. ಇನ್ನೊಮ್ಮೆ ಯಾರೂ ಹುಡುಕಿಕೊಂಡು ಬರುವ ವಯಸ್ಸಲ್ಲ. ಒಂದು ತಿಂಗಳಿಂದ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಪಂದ್ಯ ಭಾನುವಾರ ಮಧ್ಯಾಹ್ನ, ಅವತ್ತೇ ಆಯುಧಪೂಜೆ. ಪಂದ್ಯ ಮುಗಿಸಿ ಸಂಜೆ ಪೂಜೆ ಎಂದು ಮಾತಾಗಿತ್ತು. ಕ್ಯಾಲೆಂಡರಿನಲ್ಲಿ ನವಮಿ ರಾತ್ರಿ ಒಂಬತ್ತೂವರೆಯವರೆಗೆ ಇತ್ತು. ಅದು ಊರಿನ ಗಂಟೆ. ಮೂರೂವರೆ ಕಳೆದರೆ ಇಲ್ಲಿ ಸಂಜೆ ಆರು. ಬೇಕಾದಷ್ಟು ಸಮಯವಿತ್ತು.

ಅವತ್ತು ನಾನು ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಶಿವುವಿನ ಗ್ಲೌಸನ್ನು ಮಣೆಯ ಮೇಲಿಟ್ಟು, ವಿಭೂತಿ, ಅರಿಶಿನ ಕುಂಕುಮ, ಹೂವು ಏರಿಸಿ, ನಿಂಬೆಹಣ್ಣು ಕೊಯ್ದು ಪೂಜೆ ಮುಗಿಸಿಬಿಟ್ಟೆ. ಪಕ್ಕದಲ್ಲಿ ನನ್ನ ಆಯುಧವನ್ನೂ ಇಟ್ಟೆ. ಸಾಸೇಜಿನ ಇಕ್ಕಳ.

ಮೊದಲು ಎದ್ದು ಬಂದ ರೇಖಾ ಅದನ್ನೇ ನೋಡಿದಳು. ‘ಅಯ್ಯೋ ಭಾವ! ಅದು ಮಾಂಸ ಮುಟ್ಟಿದ ಇಕ್ಕಳ!’

‘ತೊಳೆದಿದ್ದೀನಮ್ಮ.’

‘ತೊಳೆದ್ರೆ? ದೇವಿ ಪಕ್ಕದಲ್ಲಾ?’

ಆಮೇಲೆ ಶಿವು ಬಂದ. ಕುಂಕುಮ ಹಚ್ಚಿದ ಗ್ಲೌಸು ನೋಡಿ ಅವನ ಮುಖ ಬಿಳುಚಿತು.

‘ಅಣ್ಣಾ, ಏನಿದು? ಸಂಜೆ ಅಂದಿದ್ಯಲ್ಲ?’

‘ಸಂಜೆಗೆ ನವಮಿ ಎಲ್ಲಿರುತ್ತೋ? ಇಲ್ಲಿನ ಟೈಮಿಗೆ ಬೆಳಿಗ್ಗೆ ಹತ್ತಕ್ಕೇ ಮುಗಿಯುತ್ತೆ.’

‘ಹತ್ತಕ್ಕಾ?’

‘ಮತ್ತೆ? ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಇಲ್ವಾ?’

ಕ್ಯಾಲೆಂಡರು ಅವನ ತಲೆಯ ಹಿಂದೆಯೇ ನೇತಾಡುತ್ತಿತ್ತು. ಇಡೀ ಊರಿಗೆ ಕರೆಂಟು ಹಂಚುವ ಲೆಕ್ಕ ಹಾಕುವವನು ತಿರುಗಿ ನೋಡಲಿಲ್ಲ. ಪಂಚಾಂಗದ ಮಾತು ಬಂದರೆ ಅವನಿಗೆ ಅಪ್ಪನ ಜಾಗದಲ್ಲಿ ನಾನು.

‘ಹೋಗ್ಲಿ, ನಿನ್ನ ಹಳೇ ಗ್ಲೌಸು ಕೊಡು, ಅದರಲ್ಲೇ ಆಡ್ತೀನಿ.’

‘ಆಯುಧ ಪೂಜೆಗಿಟ್ಟ ಮೇಲೆ ಆ ಕೆಲಸಾನೇ ಮಾಡೋ ಹಾಗಿಲ್ಲ. ಅಪ್ಪ ಯಾವತ್ತಾದ್ರೂ ಪಕ್ಕದಂಗಡಿ ಜಾಕ್ ತಂದು ಪಂಚರ್ ಹಾಕಿದ್ದು ನೋಡಿದ್ದೀಯಾ?’

ಅವನು ನೋಡಿರಲಿಲ್ಲ. ನಾನು ನೋಡಿದ್ದೆ. ಒಂದು ವರ್ಷ ಮದುವೆ ದಿಬ್ಬಣದ ವ್ಯಾನು ಟೈರು ಒಡೆದು ನಿಂತಾಗ ಅಪ್ಪ ಪಕ್ಕದಂಗಡಿಯ ಜಾಕನ್ನೇ ತಂದು ಕೆಲಸ ಮಾಡಿಕೊಟ್ಟಿದ್ದರು. ಶಿವು ಆಗ ತೊಟ್ಟಿಲಲ್ಲಿದ್ದ.

ಯಾಕೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನು ದೊಡ್ಡ ಕ್ಲಬ್ಬಿಗೆ ಹೋಗಿದ್ದರೆ ನಮ್ಮ ಕ್ಲಬ್ಬಿನ ಮೊದಲನೇ ಜಾಗ ತಾನಾಗಿಯೇ ನನಗೆ ಬರುತ್ತಿತ್ತು. ಇದು ಮಗುವಿಗೂ ಹೊಳೆಯುವ ವಿಷಯ, ನನಗೆ ಹೊಳೆಯಲಿಲ್ಲ. ದೂರದಿಂದ ಒಬ್ಬರು ನೋಡಲು ಬರುತ್ತಿದ್ದಾರೆ, ಒಂದೇ ಒಂದು ದಿನ ನನ್ನನ್ನು ನೋಡಲಿ ಎಂಬುದಷ್ಟೇ ತಲೆಯಲ್ಲಿತ್ತು.

ಮೈದಾನದಲ್ಲಿ ಶಿವು ವಿಷಯ ಹೇಳಿದಾಗ ಬೆಂಗ್ಟ್ ಗಂಭೀರರಾದರು. ‘ಅಂದರೆ ಇವತ್ತು ಉಪಕರಣಗಳಿಗೆ ರಜೆ?’

‘ಹಾಗೇ ಅಂದುಕೊಳ್ಳಿ.’

‘ಪ್ರತಿ ವರ್ಷ ಕೊಡುತ್ತೀರಾ?’

‘ಪ್ರತಿ ವರ್ಷ.’

ಬೆಂಗ್ಟ್ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷ ಕಾರ್ಮಿಕರ ರಜೆಗಾಗಿ ಹೋರಾಡಿದೆ, ಸ್ಪ್ಯಾನರಿನ ರಜೆ ನನಗೆ ಹೊಳೆಯಲೇ ಇಲ್ಲ ಎಂದರು. ತಂಡವನ್ನು ವೃತ್ತಾಕಾರವಾಗಿ ನಿಲ್ಲಿಸಿ, ಒಬ್ಬೊಬ್ಬರ ಅಭಿಪ್ರಾಯ ಕೇಳಿದರು. ಬ್ಯಾಟುಗಳಿಗೂ ರಜೆ ಕೊಡಬೇಕೇ ಎಂದು ಒಬ್ಬ ಕೇಳಿದ, ಅದರ ಮೇಲೆ ಇನ್ನೂ ಕಾಲು ಗಂಟೆ ಚರ್ಚೆಯಾಯಿತು. ಅಂಪೈರ್ ಬಂದು ಆಟ ಶುರು ಮಾಡುತ್ತೀರೋ ಇಲ್ಲವೋ ಎಂದು ಕೇಳಿದ ಮೇಲೆ, ಶಿವುವಿನ ಗ್ಲೌಸಿನ ರಜೆಯನ್ನು ಸರ್ವಾನುಮತದಿಂದ ಒಪ್ಪಿದರು. ನಾನು ಕ್ಯಾಚರ್ ಆದೆ. ಶಿವು ಒಲೆಯ ಮುಂದೆ ನಿಂತ. ಇಕ್ಕಳವೂ ಪೂಜೆಯಲ್ಲಿದ್ದುದರಿಂದ ಎರಡು ಫೋರ್ಕು ಹಿಡಿದು ಸಾಸೇಜ್ ತಿರುಗಿಸಿದ.

ನನ್ನ ಆಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ಚೆಂಡು ಬಿಟ್ಟೆ. ಎದುರಾಳಿಗಳು ನನ್ನ ತೋಳು ನೋಡಿಕೊಂಡು, ಓಡುವ ಬದಲು ನಡೆದೇ ಎರಡನೇ ಬೇಸ್ ಸೇರುತ್ತಿದ್ದರು. ಆದರೆ ಕೀಪರ್ ಬಾಯಿ ಸುಮ್ಮನಿರುವುದಿಲ್ಲ. ‘ಇವನು ಎಡಕ್ಕೇ ಹೊಡೆಯೋದು, ನಾಲ್ಕು ಹೆಜ್ಜೆ ಹಿಂದೆ ಹೋಗು’ ಎಂದು ಎಲ್ಲರನ್ನೂ ಕೂಗಿ ಜಾಗ ಬದಲಾಯಿಸುತ್ತಿದ್ದೆ. ಮಾರ್ಗರೇಟಾ ಇಡೀ ಪಂದ್ಯ ಕಾಲುಚೀಲ ಹೆಣೆಯುತ್ತ ಕೂತಿದ್ದರು. ನಾವು ಹೀನಾಯವಾಗಿ ಸೋತ ಮೇಲೆ ನನ್ನ ಹತ್ತಿರ ಬಂದರು.

‘ನಿಮ್ಮ ಆಟ ಬಹಳ ಕೆಟ್ಟದಾಗಿದೆ’ ಎಂದರು. ಸ್ವೀಡನ್ನಿನಲ್ಲಿ ನನಗೆ ಇಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ. ‘ಆದರೆ ಯಾರು ಎಲ್ಲಿಗೆ ಹೊಡೆಯುತ್ತಾರೆಂದು ನಿಮಗೆ ಹೇಗೆ ಗೊತ್ತು?’

‘ಆರು ವರ್ಷ ಬೆಂಚಿನ ಮೇಲೆ ಕೂತು ನೋಡಿದ್ದೇನೆ.’

‘ನಮ್ಮಲ್ಲಿ ಹನ್ನೊಂದು ವರ್ಷದ ಮಕ್ಕಳಿದ್ದಾರೆ. ಅವರಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಬೇಕು.’

ಹೀಗೆ ನಾನು ಕೋಚ್ ಆದೆ. ಸುದ್ದಿ ಕೇಳಿ ಶಿವು, ಕೈಯಲ್ಲಿದ್ದ ಫೋರ್ಕು ಕೆಳಗಿಟ್ಟು, ಎಲ್ಲರೆದುರು ನನ್ನ ಕಾಲು ಮುಟ್ಟಿದ. ಮಾರ್ಗರೇಟಾ ಅವನ ಹತ್ತಿರ ಹೋಗಿ ಒಂದು ಸಾಸೇಜ್ ತೆಗೆದುಕೊಂಡು ಏನೋ ಮಾತಾಡಿದ್ದನ್ನು ದೂರದಿಂದ ನೋಡಿದೆ. ಮುಂದಿನ ವರ್ಷ ಶಿವು ಆಡಲಿಲ್ಲ. ‘ಸಾಕಣ್ಣ’ ಎಂದ, ಅಷ್ಟೇ.

ಕೋಚ್ ಕೆಲಸದ ಇಪ್ಪತ್ತು ವರ್ಷದ ಬಗ್ಗೆ ಹೊಸಬರಿಗೆ ಹೇಳುವುದು ಹೆಚ್ಚಿಲ್ಲ. ಮಕ್ಕಳಿಗಿಂತ ಅವರ ತಂದೆತಾಯಂದಿರಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಷ್ಟ. ಮೇ ತಿಂಗಳಲ್ಲೂ ಹಿಮ ಬೀಳಬಹುದು, ಬಿಳಿ ಚೆಂಡು ಸಿಗುವುದಿಲ್ಲ. ಒಮ್ಮೆ ಚೆಂಡಿಗೆಲ್ಲ ಅರಿಶಿನ ಹಚ್ಚಿದೆ. ಚೆಂಡು ಕಾಣಿಸಿತು, ಆದರೆ ಮಕ್ಕಳೆಲ್ಲ ಹಳದಿಯಾಗಿ ಮನೆಗೆ ಹೋದರು. ಒಬ್ಬ ತಾಯಿ ಗಾಬರಿಯಾಗಿ ಮಗನನ್ನು ಕಾಮಾಲೆ ಎಂದು ಆಸ್ಪತ್ರೆಗೆ ಕರೆದೊಯ್ದರು. ಈಗಿನವರು ಫೋನಿನಲ್ಲಿ ಚಿತ್ರ ತೆಗೆದು ನಿಧಾನವಾಗಿ ಓಡಿಸಿ ತಪ್ಪು ತೋರಿಸುತ್ತಾರೆ. ನನ್ನ ತಪ್ಪುಗಳನ್ನು ಹಾಗೆ ಯಾರೂ ನಿಧಾನವಾಗಿ ನೋಡಲಿಲ್ಲ ಎಂಬ ಧೈರ್ಯದಲ್ಲಿ ಇದ್ದೆ.

ಶಿವು ಆ ನವಮಿಯನ್ನು ಪವಾಡ ಮಾಡಿಬಿಟ್ಟಿದ್ದ. ಸಂಘದ ದಸರಾ ಕಾರ್ಯಕ್ರಮದಲ್ಲಿ ಪ್ರತಿ ವರ್ಷ ಅವನಿಂದ ಆ ಕಥೆ ಹೇಳಿಸುತ್ತಿದ್ದರು: ದೇವಿ ನನ್ನ ಗ್ಲೌಸು ಹಿಡಿದುಕೊಂಡು ನಮ್ಮಣ್ಣನಿಗೆ ದಾರಿ ಮಾಡಿಕೊಟ್ಟಳು ಎಂದು. ವರ್ಷ ಕಳೆದಂತೆ ಗ್ಲೌಸಿನ ಮೇಲಿಂದ ಹೂವು ತಾನಾಗಿ ಬೀಳುವುದೂ ಸೇರಿಕೊಂಡಿತು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ.

ಈ ವರ್ಷ ಅದು ಅವನ ಮಗಳ ಮೇಲೆ ಬಂತು. ಮೇಘಾಳಿಗೆ ಹದಿನೇಳು, ನನ್ನ ಕೈಯಲ್ಲೇ ಕಲಿತ ಕ್ಯಾಚರ್, ಅಪ್ಪನ ತೋಳೇ ಅವಳಿಗೂ. ದೊಡ್ಡವರ ತಂಡದ ಆಯ್ಕೆ ನವಮಿಯ ದಿನವೇ ಬಿತ್ತು. ಶಿವು ಹೋಗಕೂಡದು ಎಂದ. ಗ್ಲೌಸು ಪೂಜೆಗಿಡು, ದೇವಿ ಇನ್ನೂ ದೊಡ್ಡದು ಕೊಡುತ್ತಾಳೆ, ನಿನ್ನ ದೊಡ್ಡಪ್ಪನನ್ನೇ ನೋಡು ಎಂದ.

ಮೇಘಾ ನನಗೆ ಫೋನ್ ಮಾಡಿದಳು. ‘ದೊಡ್ಡಪ್ಪ, ಸೀರಿಯಸ್ಲಿ? ಟೀಮಲ್ಲಿ ಏನಂತ ಹೇಳ್ಲಿ, ನನ್ನ ಗ್ಲೌಸಿಗೆ ಇವತ್ತು ಲೀವ್ ಅಂತಾನಾ? ಪಪ್ಪ ನನ್ನ ಮಾತು ಕೇಳೋದೇ ಇಲ್ಲ. ನೀವ್ ಹೇಳಿ.’

ಮರುದಿನ ಅವರ ಮನೆಗೆ ಹೋದೆ. ರೇಖಾ ಕಾಫಿ ಕೊಟ್ಟಳು, ಕುಡಿಯಲಾಗಲಿಲ್ಲ. ‘ಶಿವು, ಆವತ್ತು ನವಮಿ ಹತ್ತಕ್ಕೆ ಮುಗಿದಿರಲಿಲ್ಲ. ನಾನು ಸುಳ್ಳು ಹೇಳಿದೆ’ ಎಂದೆ.

ಅವನು ನಕ್ಕ. ‘ಮಗಳು ಹೇಳಿಕೊಟ್ಟಳಾ?’

‘ಇಲ್ಲ ಕಣೋ. ಬೇಕಂತಲೇ ಮಾಡಿದೆ.’

‘ನೀನು ಮಾಡಿದೆ ಅಂದ್ಕೊಂಡಿದ್ದೀಯ ಅಣ್ಣ. ಮಾಡಿಸಿದ್ದು ದೇವಿ.’

ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದರೆ ಅದನ್ನೂ ಪವಾಡಕ್ಕೆ ಸೇರಿಸಿಕೊಳ್ಳುತ್ತಿದ್ದ! ನನಗೆ ಸಿಟ್ಟೇ ಬಂತು. ‘ನಿನ್ನ ಫೋನಲ್ಲಿ ಪಂಚಾಂಗ ಇದೆಯಲ್ಲ, ಆ ವರ್ಷ ಹಾಕು. ಊರು ವೆಸ್ಟೆರಾಸ್ ಅಂತ ಹಾಕು. ನೋಡು’ ಎಂದೆ. ಅಪ್ಪನ ಜಾಕಿನ ಕಥೆಯನ್ನೂ ಹೇಳಿದೆ.

ಅವನು ನೋಡಿದ. ಇನ್ನೊಂದು ಸಲ ಹಾಕಿ ನೋಡಿದ. ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದ.

‘ಆವತ್ತು ಆ ಹೆಂಗಸು ಸಾಸೇಜ್ ತಗೊಂಡು ಏನಂದ್ಳು ಗೊತ್ತಾ?’ ಎಂದ. ‘ಬುಧವಾರ ನಮ್ಮ ಮೈದಾನಕ್ಕೆ ಬಾ, ಒಂದು ಗಂಟೆ ನಿನ್ನ ಆಟ ನೋಡ್ತೀನಿ ಅಂದ್ಳು. ನಾನೇ ಬೇಡ ಅಂದೆ. ದೇವಿ ನಿನಗೆ ಕೊಟ್ಟಿದ್ದಾಳೆ, ನಾನೂ ಹೋಗಿ ಅಲ್ಲಿ ನಿಂತ್ರೆ ನಿನ್ನ ಮರ್ಯಾದೆ ಏನಾಗುತ್ತೆ ಅಂತ.’

ಆಮೇಲೆ ಅವನೇ ಎದ್ದು, ‘ಮೇಘಾಳನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಬರಬೇಡ’ ಎಂದು ಒಳಗೆ ಹೋದ.

ನಾನು ಹೋಗಲಿಲ್ಲ. ಸಂಜೆ ಮೇಘಾಳೇ ಫೋನ್ ಮಾಡಿದಳು. ‘ದೊಡ್ಡಪ್ಪ, ತಗೊಂಡ್ರು! ಸೆಕೆಂಡ್ ಕ್ಯಾಚರ್ ಅಂತೆ, ಫಸ್ಟ್ ಇಯರ್ ಅಲ್ವಾ. ಪಪ್ಪ ಬೇಲಿ ಹಿಡ್ಕೊಂಡು ಎಷ್ಟು ಜೋರಾಗಿ ಕಿರುಚಿದ್ರು ಗೊತ್ತಾ? ಸೋ ಎಂಬರಾಸಿಂಗ್.’

ಮುಂದಿನ ಶನಿವಾರ ಸಂಘದ ಕಾರ್ಯಕ್ರಮ. ನಾನು ಕೊನೆಯ ಸಾಲಿನಲ್ಲಿ ಕೂತೆ. ನಿರೂಪಣೆ ಮಾಡುತ್ತಿದ್ದವರು ಮಾಮೂಲಿನಂತೆ, ‘ಶಿವು ಸರ್, ಬನ್ನಿ, ನಿಮ್ಮ ಆಯುಧಪೂಜೆ ಪವಾಡ!’ ಎಂದು ಕರೆದರು.

ಶಿವು ಮೈಕ್ ಹಿಡಿದ. ‘ಅದು ಪವಾಡ ಅಲ್ಲ ಸ್ವಾಮಿ, ನಿಲ್ಲಿಸಿಬಿಡೋಣ. ಈಚೆಗೆ ಚೆಕ್ ಮಾಡಿದೆ. ಆವತ್ತು ಟೈಮ್ ಕನ್ವರ್ಟ್ ಮಾಡೋದ್ರಲ್ಲಿ ನಾನೇ ತಪ್ಪು ಮಾಡಿದ್ದೆ. ನವಮಿ ಸಂಜೆವರೆಗೂ ಇತ್ತು.’

ಸಭೆಯೆಲ್ಲ ನಕ್ಕಿತು. ‘ಮೂರೂವರೆ ಕಳೆಯೋಕೆ ಬರ್ಲಿಲ್ವಾ ಎಂಜಿನಿಯರ್ ಸಾಹೇಬ್ರೇ?’ ಎಂದು ಯಾರೋ ಕೂಗಿದರು. ಅವನೂ ನಕ್ಕು, ಕೈಮುಗಿದು ಕೆಳಗಿಳಿದ. ನಾನಿದ್ದ ಕಡೆ ನೋಡಲಿಲ್ಲ. ಇವತ್ತಿನವರೆಗೂ ನನ್ನೊಂದಿಗೆ ಮಾತಾಡಿಲ್ಲ.

ಅದಕ್ಕೇ ಇದನ್ನು ಬರೆದೆ. ಅವತ್ತು ನಕ್ಕವರೆಲ್ಲ ಈ ಸಂಚಿಕೆ ಓದುತ್ತೀರಿ. ಶಿವು ಲೆಕ್ಕ ತಪ್ಪಲಿಲ್ಲ, ಅವನು ಲೆಕ್ಕವನ್ನೇ ಹಾಕಿರಲಿಲ್ಲ, ಅಣ್ಣ ಹೇಳಿದ್ದನ್ನು ನಂಬಿದ. ಲೆಕ್ಕ ಹಾಕಿದವನು ನಾನು. ಸರಿಯಾಗಿಯೇ ಹಾಕಿದ್ದೆ.